ಕಟ್ಟದೆ ಬಿಟ್ಟ ಕಾಲು

2024ರ ಅಕ್ಟೋಬರ್ 21, ಸೋಮವಾರ. ಬೆಳಗ್ಗೆ 9.40ಕ್ಕೆ ದಾಸಮ್ಮ ಎಂಬ ಅರವತ್ತರ ಹೆಂಗಸು ಮಗಳನ್ನು ಕರೆದುಕೊಂಡು ಠಾಣೆಗೆ ಬಂದಳು. ಇಬ್ಬರ ಸೆರಗಿಗೂ ಉಣ್ಣೆಯ ಎಳೆಗಳು ಅಂಟಿದ್ದವು. ಫ್ಯಾನ್ ಹಾಕಿದಾಗ ಒಂದೆರಡು ಎಳೆ ಮೇಲೆದ್ದು, ಇಳಿಯುವುದನ್ನೇ ಮರೆತಂತೆ ಕೋಣೆಯಲ್ಲಿ ತೇಲಿದವು.

"ನನ್ ಮಗ್ಳು ಮಾತಾಡ್ತಿಲ್ಲ, ಸಾ."

ಇನ್ಸ್‌ಪೆಕ್ಟರ್ ಬೋರಲಿಂಗಯ್ಯ ಪೆನ್ನು ತೆಗೆದರು. "ಯಾವಾಗಿನಿಂದ?"

"ಹುಟ್ದಾಗ್ಲಿಂದ ಕಿವಿ ಕೇಳಕಿಲ್ಲ, ಬಾಯೂ ಇಲ್ಲ. ಕೈಯಲ್ಲಿ ಮಾತಾಡೋಳು. ಈಗ ಅದ್ನೂ ಕಿತ್ಕೊಂಡವ್ರೆ."

ಮಗಳು ಪುಟ್ಟಿಗೆ ಮೂವತ್ತೊಂದು ವರ್ಷ. ಅವಳ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು.

ಅವರು ಕುದೂರು ಕಡೆಯ ಕುರಿಗಾರರು. ಹಾರೋಹಳ್ಳಿಯ ಫ್ಯಾಕ್ಟರಿಗಳ ಹಿಂದಿನ ಹೊಲದಲ್ಲಿ ಮಂದೆ ನಿಲ್ಲಿಸಿದ್ದರು. ಅಕ್ಟೋಬರ್ 1ರ ಸಂಜೆ ಗಬ್ಬದ ಕುರಿಯೊಂದು ತಪ್ಪಿಸಿಕೊಂಡು ಹೆದ್ದಾರಿಗೆ ಹೋಯಿತು. ಪುಟ್ಟಿ ಹಿಂದೆಯೇ ಓಡಿ, ಲಾರಿಗಳಿಗೆ ಅಡ್ಡ ನಿಂತು ಕೈ ಬೀಸಿದಳು. ಕುರಿ ವಾಪಸು ಬಂತು. ಅವಳು ಬರಲಿಲ್ಲ. ದಾಸಮ್ಮ ಕನಕಪುರದವರೆಗೂ ಪ್ರತಿ ಬಸ್ ಸ್ಟ್ಯಾಂಡ್ ಹುಡುಕಿದಳು. ನಿನ್ನೆ, ಹಾಲು ಹಾಕುವ ಚಿಕ್ಕಹನುಮಯ್ಯ ಒಂದು ಖಾಸಗಿ ಮಾನಸಿಕ ಆಸ್ಪತ್ರೆಯ ಕಿಟಕಿಯಲ್ಲಿ ಪುಟ್ಟಿಯನ್ನು ಕಂಡು ಬಂದು ಹೇಳಿದ. ಗೇಟಿನ ಮುಂದೆ ಕೂತು ಅತ್ತು, ದಾಸಮ್ಮ ಮಗಳನ್ನು ಬಿಡಿಸಿಕೊಂಡಳು.

"ಮೊದಲು ಏನಾದರೂ ತಲೆ ಕೆಟ್ಟಿತ್ತೇನಮ್ಮ?"

"ಕೈ ಅಡ್ಡ ಹಾಕಿ ಗಾಡಿ ನಿಲ್ಸೋದು ಹುಚ್ಚಾದ್ರೆ, ನಿಮ್ ಟ್ರಾಫಿಕ್ನೋರ್ನೆಲ್ಲ ಮೊದ್ಲು ಅಲ್ಲಿಗೆ ಹಾಕಿ ಸಾ."

ಪಕ್ಕದಲ್ಲಿ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಮಾನ್ಯ ತಲೆ ತಗ್ಗಿಸಿ ನಕ್ಕಳು. 10.30ಕ್ಕೆ ಎಫ್‌ಐಆರ್ ದಾಖಲಾಯಿತು. ಮಾನ್ಯ ಪುಟ್ಟಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಗಾಯದ ಪ್ರಮಾಣಪತ್ರ ತಂದಳು. ಎರಡೂ ಮಣಿಕಟ್ಟುಗಳಲ್ಲಿ, ಎಡಗಾಲಿನ ಪಾದದ ಗಂಟಿನಲ್ಲಿ ಕಟ್ಟಿದ ಗುರುತು. ಬಲಗೈಯ ನರಕ್ಕೆ ಪೆಟ್ಟು. ಬಲಗಾಲಿನಲ್ಲಿ ಏನೂ ಇಲ್ಲ.

ಮಧ್ಯಾಹ್ನ 2.15. ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಬಿಸಿಲು ಹಾಲಿನಂತೆ ನಿಂತಿತ್ತು. ಬಿಳಿ ಬಟ್ಟೆಯವರು ಸದ್ದಿಲ್ಲದೆ ನಡೆದಾಡುತ್ತಿದ್ದರು. ಡಾಕ್ಟರು ಬೋರಲಿಂಗಯ್ಯನವರ ಮುಂದೆ ಫೈಲು ತೆರೆದರು. ಹೆದ್ದಾರಿಯಲ್ಲಿ ಗಾಡಿಗಳಿಗೆ ಅಡ್ಡ ನಿಂತಿದ್ದಳೆಂದು ದಾರಿಹೋಕರು ತಂದು ಬಿಟ್ಟ ಅಪರಿಚಿತ ಮಹಿಳೆ. ಮಾತಿಲ್ಲ. ಸದಾ ಅರ್ಥವಿಲ್ಲದ ಸನ್ನೆ. ಕೊನೆಯಲ್ಲಿ "ಸ್ವಇಚ್ಛೆಯಿಂದ ದಾಖಲು", ಕೆಳಗೊಂದು ಹೆಬ್ಬೆಟ್ಟು.

"ಇದರಲ್ಲಿ ಏನು ಬರೆದಿದೆ ಅಂತ ಅವಳಿಗೆ ಹೇಳಿದವರು ಯಾರು?"

ಡಾಕ್ಟರು ಹಾಳೆ ಮಗುಚಿದರು.

"ಕಿವಿ ಪರೀಕ್ಷೆ?"

"ಕರೆದರೆ ತಿರುಗಿ ನೋಡ್ತಿರಲಿಲ್ಲ. ಅದನ್ನೂ ಕಾಯಿಲೆಯ ಲಕ್ಷಣ ಅಂತಲೇ ಬರ್ಕೊಂಡಿದೀವಿ."

"ಕಟ್ಟಿದ್ದು ಯಾರು?"

"ನಮ್ಮಲ್ಲಿ ಯಾರನ್ನೂ ಕಟ್ಟಲ್ಲ. ಮಂಚಕ್ಕೆ ತಾನೇ ಹೊಡ್ಕೊಂಡಿರ್ಬೇಕು."

ವಾರ್ಡಿನ ಮೂವರು ಅಟೆಂಡರುಗಳೂ ಅದನ್ನೇ ಹೇಳಿದರು.

ಸಂಜೆ ಠಾಣೆಯಲ್ಲಿ ಬೋರಲಿಂಗಯ್ಯ ಪ್ರಮಾಣಪತ್ರವನ್ನು ಮತ್ತೆ ಓದಿದರು. "ಕಟ್ಟುವವನು ಮಂಚದ ನಾಲ್ಕು ಮೂಲೆಗೂ ಕಟ್ಟುತ್ತಾನೆ. ಇಲ್ಲಿ ಮೂರೇ ಯಾಕೆ?"

ಬೆಂಚಿನ ಮೇಲಿದ್ದ ದಾಸಮ್ಮ ಥಟ್ಟನೆ ತಲೆ ಎತ್ತಿದಳು. "ಉಣ್ಣೆ ಕತ್ತರ್ಸೋವಾಗ ನಾವು ಕುರಿಗೆ ಮೂರೇ ಕಾಲು ಕಟ್ಟೋದು ಸಾ. ನಾಲ್ಕೂ ಕಟ್ಟಿದ್ರೆ ಭಯಕ್ಕೆ ಎದೆ ಒಡ್ಕೋತದೆ. ಅದ್ಕೇ ಒಂದು ಬುಡ್ತೀವಿ." ಮಗಳ ಮಣಿಕಟ್ಟು ಸವರಿ ಹೇಳಿದಳು: "ಅದೂ ಒಂದು ಗಳಿಗೆ. ದಿನಗಟ್ಲೆ ಅಲ್ಲ."

22ರ ಬೆಳಗ್ಗೆ 11ಕ್ಕೆ ಪಂಚರ ಸಮಕ್ಷಮ ವಾರ್ಡಿನಲ್ಲಿ ಸ್ಥಳ ಪಂಚನಾಮೆ. ಡಾಕ್ಟರು, ಮೂವರು ಅಟೆಂಡರುಗಳು ಸಾಲಾಗಿ ನಿಂತಿದ್ದರು. ದಾಸಮ್ಮನೊಂದಿಗೆ ಬಂದಿದ್ದ ಪುಟ್ಟಿ ಮುಚ್ಚಿದ ಬಾಗಿಲ ಮುಂದೆ ಹೋಗಿ ನಿಂತಳು. ನಿದ್ದೆಯಲ್ಲಿರುವವಳಂತೆ ಎಡಗೈಯನ್ನು ಎದೆಗೆ ಅಡ್ಡ ತಂದು, ನಿಧಾನವಾಗಿ ಹೊರಕ್ಕೆ ತೆರೆದಳು. ಬಲಗೈ ಹಿಂಬಾಲಿಸಲು ನೋಡಿ ಅಲ್ಲೇ ಉಳಿಯಿತು.

ಎಲ್ಲರೂ ಇನ್ಸ್‌ಪೆಕ್ಟರ ಮುಖ ನೋಡಿದರು. ಒಬ್ಬ ಅಟೆಂಡರ್ ಮಾತ್ರ ಸೊಂಟದಿಂದ ಕೀಲಿಕೈ ತೆಗೆದು, ಮುಂದೆ ಹೋಗಿ, ಬಾಗಿಲು ತೆರೆದ.

ತೆರೆದ ಮೇಲೆ ತಾನು ಮಾಡಿದ್ದೇನೆಂದು ಅವನಿಗೆ ತಿಳಿಯಿತು.

"ನಿನ್ನ ಹೆಸರು?"

"ಮುತ್ತುರಾಜು, ಸಾ."

"ಬಾಗಿಲು ತೆಗಿ ಅಂತ ಯಾರಯ್ಯಾ ಹೇಳಿದ್ದು?"

ಅವನು ಪುಟ್ಟಿಯ ಕೈ ನೋಡಿದ. "ಕುರಿ ಕೂಡೋ ರೊಪ್ಪದ ಬಾಗ್ಲು ತಗಿ ಅಂತ ಸನ್ನೆ. ಕುರಿ ಕಾಯೋರು ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿದ್ರೆ ಕೇಳಕಿಲ್ಲ. ಅದ್ಕೆ ಕೈ. ನಾನೂ ಮಾಗಡಿ ಕಡೆ ಕುರಿ ಮೇಯ್ಸಿದೋನೇ."

"ಡಾಕ್ಟರಿಗೆ ಹೇಳಲಿಲ್ಲವಾ?"

"ಎರಡ್ನೇ ದಿನಾನೇ ಹೇಳ್ದೆ. 'ಹಂಗಾದ್ರೆ ನಿಂಗೂ ಒಂದು ಬೆಡ್ ಹಾಕ್ಸಣ' ಅಂದ್ರು. ಎಲ್ಲಾರೂ ನಕ್ರು. ಆಮ್ಯಾಕೆ ನಾನು ಬಾಯಿ ಬುಡ್ಲಿಲ್ಲ."

ಡಾಕ್ಟರು ಕಿಟಕಿಯ ಕಡೆ ತಿರುಗಿದರು.

"ಕಟ್ಟಿದ್ದು?"

"'ಅವಳ ಕೈ ನಿಲ್ಸು' ಅಂದ್ರು ಇವ್ರು. ಹೆಂಗೆ ಅಂತ ಹೇಳ್ಳಿಲ್ಲ." ಮುತ್ತುರಾಜು ಡಾಕ್ಟರ ಕಡೆ ಕೈ ತೋರಿಸಿದ. "ಸುಳ್ಳ್ಯಾಕೆ, ಆ ಕೈ ನಿಲ್ಲೋದು ನಂಗೂ ಬೇಕಿತ್ತು ಸಾ. ಇವ್ರಿಗೆಲ್ಲ ಅದು ಬರೀ ಕೈ. ನಂಗೊಬ್ನಿಗೇ ಅದು ಕೇಳ್ಸೋದು. ದಿನವೆಲ್ಲ ಬಾಗ್ಲು ತಗಿ, ಬಾಗ್ಲು ತಗಿ. ಅವ್ವನ್ನ ಕರಿ. ಊಟಕ್ಕೆ ಕೂತ್ರೂ ಅದೇ. ಒಂಬತ್ತು ದಿನ ಕಟ್ದೆ."

"ಒಂದು ಕಾಲು ಬಿಟ್ಟಿದ್ದು ಯಾಕೆ?"

"ಉಸಿರಾಡ್ಲಿ ಅಂತ."

12.20ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಅರಿಯದವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಕೂಡಿಹಾಕಿದ್ದಕ್ಕಾಗಿ ಡಾಕ್ಟರು ಎರಡನೇ ಆರೋಪಿ. ಫೈಲಿನ ಸಮೇತ ಅವರೂ ಜೀಪು ಹತ್ತಿದರು.

ಹೊರಡುವ ಮುನ್ನ ಪುಟ್ಟಿ ಮುತ್ತುರಾಜುವಿನ ಎದುರು ಬಂದಳು. ಎಡಗೈಯನ್ನು ಅವನತ್ತ ಚಾಚಿ, ಅವನ ಕಣ್ಣು ತೋರಿಸಿ, ತನ್ನ ಕೈಯನ್ನೇ ಮುಟ್ಟಿಕೊಂಡಳು. ದಾಸಮ್ಮ ಹೇಳಲು ಬಾಯಿ ತೆರೆದಳು. ಬೋರಲಿಂಗಯ್ಯ ತಡೆದರು.

"ನೀವು ದೂರು ಕೊಟ್ಟೋರು ಅಮ್ಮ. ಕೋರ್ಟಲ್ಲಿ ಬೇರೆ ಯಾರಾದರೂ ಹೇಳಬೇಕು." ಅವರು ಸುತ್ತ ನೋಡಿದರು. ಅವಳ ಮಾತು ಬಲ್ಲವನು ಅಲ್ಲಿ ಇನ್ನೊಬ್ಬನೇ ಇದ್ದ.

"ಏನಂತಾಳಯ್ಯಾ?"

ಮುತ್ತುರಾಜು ನೆಲ ನೋಡುತ್ತಾ ಹೇಳಿದ.

"'ಇವ್ನಿಗೆ ನನ್ ಮಾತು ಗೊತ್ತಿತ್ತು' ಅಂತವ್ಳೆ ಸಾ."

ಮಾನ್ಯ ಅದನ್ನು ಬರೆದುಕೊಂಡಳು.