ಕೂಗದ ಹೇಸರಗತ್ತೆ

ಬೆಳಗಿನ ಏಳು ಗಂಟೆಗೆ ಮಾರುಕಟ್ಟೆ ಗುಡಿಸುವವಳು ಅದನ್ನು ಮೊದಲು ಕಂಡಳು. ಎರಡನೇ ಮಹಾಯುದ್ಧಕ್ಕೆ ಊರಿನಿಂದ ಹೋದ ಹತ್ತೊಂಬತ್ತು ಮಂದಿಯ ಹೆಸರು ಕೆತ್ತಿದ ಕಲ್ಲು. ಏಳನೆಯ ಹೆಸರು ಇರಲಿಲ್ಲ. ಆ ಜಾಗವನ್ನು ಯಾರೋ ಚಚ್ಚಿ ಹಾಕಿದ್ದರು. ಕೆಳಗೆ ಹಳದಿ ಬಣ್ಣಕ್ಕೆ ತಿರುಗಿದ ಒಂದು ಕಾಗದ ಅಂಟಿಸಿದ್ದರು.

ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಆ ಏಳನೆಯವನ ಮಗಳು ಬಂದು ನಿಂತಿದ್ದಳು. ಎಂಬತ್ತು ದಾಟಿದ ಮುದುಕಿ. ಇಟ್ಟಿಗೆ ಹೊರುವ ಹೇಸರಗತ್ತೆಗಳಿಗೆ ಬೆನ್ನಿನ ಮೆತ್ತೆ ಹೊಲಿದು ಬದುಕುವವಳು. ದಬ್ಬಳ ಇನ್ನೂ ಕೈಯಲ್ಲೇ ಇತ್ತು.

“ಓದು ತಾಯಿ. ಗಟ್ಟಿಯಾಗಿ ಓದು. ಇವರೆಲ್ಲಾ ಮನಸ್ಸಲ್ಲೇ ಓದ್ಕೊಂಡು ನನ್ನ ಮುಖ ನೋಡ್ತಿದಾರೆ.”

ಇನ್‌ಸ್ಪೆಕ್ಟರ್ ಓದಿದಳು. “ಕಾಡಿನ ಯುದ್ಧದಲ್ಲಿ ನಾನು ಅವನ ಜೊತೆಗಿದ್ದ ಸಿಪಾಯಿ. ಶತ್ರುಗಳು ನೂರು ಹೆಜ್ಜೆ ದೂರದಲ್ಲಿದ್ದರು. ಎಲ್ಲೋ ಹೆಣ್ಣು ಕುದುರೆಯ ಕೊರಳಗಂಟೆ ಕೇಳಿಸಿತು. ಅವನ ಹೇಸರಗತ್ತೆ ಅತ್ತ ಕಿವಿ ತಿರುಗಿಸಿ ಮೂರು ಸಲ ಕೂಗಿತು. ಅವನು ಹಗ್ಗ ಬಿಟ್ಟು ಓಡಿದ. ನಮ್ಮ ಹನ್ನೊಂದು ಮಂದಿ ಸತ್ತರು.”

“ಸುಳ್ಳು. ಅದು ಕೂಗಿಲ್ಲ,” ಎಂದಳು ಮುದುಕಿ. ದನಿ ಏರಿಸಲಿಲ್ಲ.

ಸ್ಮಾರಕ ಸಮಿತಿಯ ಅಧ್ಯಕ್ಷ ಹತ್ತಿರ ಬಂದ. ಇಟ್ಟಿಗೆ ಗೂಡಿನ ಸಾಹುಕಾರ. “ಪಾಪ, ಅಜ್ಜಿ. ಹೊಸ ಶಾಲೆಗೆ ನಿಮ್ಮಪ್ಪನ ಹೆಸರೇ ಅಂತಿದ್ವಿ. ಆದ್ರೆ ಓಡಿಹೋದವರ ಹೆಸರನ್ನ ಇಡೋದು ಹೆಂಗೆ ಮೇಡಂ? ನಾಳೆ ಮಕ್ಕಳು ಕೇಳಲ್ವಾ?”

* * *

ಮೊದಲ ಅನುಮಾನ ಕಲ್ಲುಕುಟಿಗನ ಮೇಲೆ. ಪಕ್ಕದ ಮನೆಯವನು. ನಡುಗೋಡೆಯ ವಿಷಯಕ್ಕೆ ಮುದುಕಿಯ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಲ್ಲಿನ ಗಾಯದ ಮೇಲೆ ಹೆಬ್ಬೆರಳು ಆಡಿಸಿದವನೇ ಕೆರಳಿದ.

“ನನ್ನ ಕೈಯಲ್ಲಿ ಇಂಥ ಹೊಲಸು ಕೆಲಸ ಆಗುತ್ತಾ? ಇದು ಉಳಿ ಪೆಟ್ಟಲ್ಲ. ಇಟ್ಟಿಗೆ ಒಡೆಯೋ ಸುತ್ತಿಗೆ. ಸಂದಿನಲ್ಲಿ ಕೆಂಪು ಪುಡಿ ಕಾಣಲ್ವಾ?”

ಕಂಡಿತು. ಆದರೆ ಊರಲ್ಲಿ ಹನ್ನೆರಡು ಇಟ್ಟಿಗೆ ಗೂಡುಗಳಿದ್ದವು.

“ಶಾಲೆಯ ಹೆಸರಿನ ಕಲ್ಲು ನಿನಗೇ ವಹಿಸಿದಾರಂತೆ?”

“ಹೂಂ. ಹೋದ ವಾರ ಅಧ್ಯಕ್ಷರು ಬಂದು, ಹೆಸರು ಈಗಲೇ ಕೆತ್ತಬೇಡ, ಸ್ವಲ್ಪ ತಡಿ ಅಂದ್ರು.”

* * *

ಮುದುಕಿಯ ಮನೆಯೆಂದರೆ ಒಂದೇ ಕೋಣೆ. ಅರ್ಧ ಜಾಗದಲ್ಲಿ ಮೆತ್ತೆಗಳು.

“ನಿಮ್ಮಪ್ಪನ ಹೇಸರಗತ್ತೆ ಕೂಗಲಿಲ್ಲ ಅಂತ ನಿಮಗೆ ಹೆಂಗೆ ಗೊತ್ತು ಅಜ್ಜಿ?” ಇನ್‌ಸ್ಪೆಕ್ಟರ್ ಕೇಳಿದಳು.

“ಕೂಗೋಕೆ ಗಂಟಲು ಬೇಕಲ್ಲ.” ದಬ್ಬಳವನ್ನು ಮೆತ್ತೆಗೆ ಚುಚ್ಚಿದಳು. “ಕಾಡಿಗೆ ಕಳಿಸೋ ಮುಂಚೆ ಸೈನ್ಯದ ದನದ ಡಾಕ್ಟರು ಎಲ್ಲಾ ಹೇಸರಗತ್ತೆಗಳ ದನಿನಾಳ ಕತ್ತರಿಸಿದ್ರು, ಶತ್ರುಗಳಿಗೆ ಕೇಳಿಸಬಾರದು ಅಂತ. ಅದರ ತಲೆ ಹಿಡ್ಕೊಂಡಿದ್ದವನು ನಮ್ಮಪ್ಪ. ಆಮೇಲೆ ಅದು ಬಾಯಿ ತೆಗೆದ್ರೆ ಬರೀ ಗಾಳಿ ಅಂತ ಊರಿಗೆ ಬಂದ ಮೇಲೆ ಹೇಳ್ತಿದ್ದ. ಈ ಊರಲ್ಲಿ ಹೇಳಿದ್ರೆ ಮುದುಕಿ ಕಥೆ ಕಟ್ತಾಳೆ ಅಂತ ನಗ್ತಾರೆ. ಹೇಳೋದೇ ಬಿಟ್ಟೆ.”

ಪೆಟ್ಟಿಗೆಯ ತಳದಲ್ಲಿ ಅಪ್ಪನ ಒಂದು ಚೀಟಿ ಇತ್ತು. ಪ್ರಾಣಿಯ ನಂಬರು, ಸೈನ್ಯದ ಮೊಹರು, ಒಂದು ಸಾಲು: ದನಿನಾಳ ತೆಗೆದಿದೆ. ಇನ್‌ಸ್ಪೆಕ್ಟರ್ ಅದನ್ನು ಊರಿನ ನಿವೃತ್ತ ಪಶುವೈದ್ಯರ ಬಳಿ ಒಯ್ದಳು. ಅವರು ಕನ್ನಡಕ ಏರಿಸಿ ನೋಡಿದರು. “ಆ ಯುದ್ಧದಲ್ಲಿ ಶತ್ರುವಿನ ಬೆನ್ನಹಿಂದಿನ ಕಾಡಿಗೆ ನುಗ್ಗಿದ ಪಡೆಗಳು ಹೀಗೆ ಮಾಡಿದ್ದು ನಿಜ. ನಾವು ಓದೋವಾಗಲೇ ಹೇಳಿಕೊಟ್ಟಿದ್ರು.”

* * *

ಅಧ್ಯಕ್ಷನ ಗೂಡಿನಲ್ಲಿ ಹೇಸರಗತ್ತೆಗಳು ಸಾಲಾಗಿ ಇಟ್ಟಿಗೆ ಹೊತ್ತು ನಡೆದಿದ್ದವು. ಮುಂದೆ ಒಂದು ಬಿಳಿ ಕುದುರೆ. ಕೊರಳಲ್ಲಿ ಗಂಟೆ.

“ಇದ್ಯಾಕೆ ಸಾಹುಕಾರ್ರೇ?”

“ಹೆಣ್ಣು ಕುದುರೆ ಮೇಡಂ. ಇದರ ಗಂಟೆ ಕೇಳಿದ್ರೆ ಸಾಕು, ಎಲ್ಲಿದ್ರೂ ಕಿವಿ ತಿರುಗಿಸಿ ಕೂಗಿ ಬರ್ತವೆ. ಇಂಥ ಕುದುರೆ ನಮ್ಮಲ್ಲಿ ಬಿಟ್ಟು ಬೇರೆ ಗೂಡಲ್ಲಿಲ್ಲ.”

“ಪತ್ರದಲ್ಲೂ ಹಾಗೇ ಬರೆದಿದೀರಿ.”

ಅವನ ನಗು ಅರ್ಧಕ್ಕೇ ನಿಂತಿತು.

“ಆ ಸಿಪಾಯಿ ನಿಜವಾಗಿ ಅಲ್ಲಿ ಇದ್ದಿದ್ರೆ, ಆ ಪ್ರಾಣಿಗೆ ದನಿ ಇಲ್ಲ ಅನ್ನೋದು ಗೊತ್ತಿರ್ತಿತ್ತು. ಬರೆದವನು ಯುದ್ಧ ನೋಡಿಲ್ಲ, ದಿನಾ ಹೇಸರಗತ್ತೆ ನೋಡ್ತಾನೆ. ನಿಮ್ಮ ಅಂಗಳದಲ್ಲಿ ಕಂಡಿದ್ದನ್ನೇ ಕಾಡಿಗೆ ಹೊತ್ತು ಹಾಕಿದಿರಿ. ಪತ್ರ ಕಾಣೋಕೆ ವಾರ ಮುಂಚೆ ಕೆತ್ತನೆ ನಿಲ್ಲಿಸಿದವರೂ ನೀವೇ. ಶಾಲೆಯ ಹೆಸರಿನ ಪಟ್ಟಿ ನೋಡಿ ಬಂದೆ. ಮೊದಲನೇದು ಅಜ್ಜಿಯ ಅಪ್ಪಂದು, ಎರಡನೇದು ನಿಮ್ಮಪ್ಪಂದು.”

ಸುತ್ತಿಗೆ ಕೊಟ್ಟಿಗೆಯಲ್ಲೇ ಸಿಕ್ಕಿತು, ಅಂಚಿಗೆ ಕಲ್ಲಿನ ಪುಡಿ ಮೆತ್ತಿಕೊಂಡು. ಸಮಿತಿಯ ಹಳೇ ಪುಸ್ತಕದಲ್ಲಿ ಒಂದು ಹಾಳೆ ಹರಿದಿತ್ತು. ಪತ್ರದ ಅಂಚು ಅದಕ್ಕೆ ಸರಿಯಾಗಿ ಕೂತಿತು.

“ನಮ್ಮಪ್ಪನೂ ಯುದ್ಧಕ್ಕೆ ಹೋಗಿದ್ದ,” ಎಂದು ಗೊಣಗಿದ.

“ಆ ಕಲ್ಲಿನ ಮೇಲೆ ಅವರ ಹೆಸರೂ ಇದೆ. ಅದನ್ನ ಯಾರೂ ಮುಟ್ಟಿಲ್ಲ. ನಡೀರಿ, ಜೀಪು ಹತ್ತಿ.” ಇನ್‌ಸ್ಪೆಕ್ಟರಿಗೆ ಅವನ ಮುಖ ನೋಡಲೂ ಮನಸ್ಸಾಗಲಿಲ್ಲ.

* * *

ಮರುದಿನ ಮುದುಕಿ ಕಲ್ಲಿನ ಬಳಿ ಇದ್ದಾಗ ಕಲ್ಲುಕುಟಿಗ ತಾನಾಗಿ ಬಂದ. ನಾಲ್ಕು ವರ್ಷದ ಮೇಲೆ ಮೊದಲ ಮಾತು.

“ಅಕ್ಕಾ, ಈ ಕಲ್ಲು ತೆಗೆದು ಹೊಸದು ನಿಲ್ಲಿಸ್ತೀನಿ. ಕಲೆ ಗೊತ್ತಾಗಲ್ಲ.”

“ಬೇಡ. ಆ ಗಾಯದ ಮೇಲೇ ಕೆತ್ತು. ಆಳವಾಗಿ ಕೆತ್ತು.”

“ನೋಡಿದವರು ಏನಾಯ್ತು ಅಂತ ಕೇಳ್ತಾರಲ್ಲ?”

“ಕೇಳಲಿ. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಇಲ್ಲೇ ಕೂತು ಹೇಳ್ತೀನಿ.” ಮುದುಕಿ ಮೆತ್ತೆ ಹಾಸಿ ಕಲ್ಲಿನ ಬುಡದಲ್ಲಿ ಕುಳಿತಳು. “ನನ್ನ ದನಿನಾಳ ಯಾರೂ ಕತ್ತರಿಸಿಲ್ಲ.”