ಕ್ಲಚ್ ಕೇಬಲ್‌ಗೆ ಎಣ್ಣೆ ಬಿಟ್ಟವನು

"ನಿಜ ಹೇಳಿ... ನಿಮಗೆ ಗಾಡಿ ಓಡಿಸೋಕೆ ಬರಲ್ವಾ?"

ಮೊದಲ ದಿನವೇ ಅವಳು ಅವನನ್ನು ಕೇಳಿದ ಪ್ರಶ್ನೆ ಇದು. ಮೈದಾನದ ನಡುವೆ ಬೈಕ್ ಗಕ್ಕನೆ ನಿಂತಿತ್ತು. ಅದರ ಮೇಲೆ ಕೂತಿದ್ದವನು ತಲೆ ತಗ್ಗಿಸಿದ.

"ಬರಲ್ಲ ಮೇಡಂ. ಅದಕ್ಕೇ ತಾನೇ ಸೇರಿದ್ದು?"

ಅವಳು ಹೆಂಗಸರಿಗೆ ಬೈಕ್ ಕಲಿಸುವವಳು. ಇದ್ದದ್ದು ಒಂದೇ ಬೈಕು, ಅಪ್ಪ ಬಿಟ್ಟುಹೋದದ್ದು. ಅಷ್ಟೂ ಅಕ್ಕಂದಿರ ನಡುವೆ ಬಂದು ಸೇರಿದ ಒಬ್ಬನೇ ಗಂಡಸು ಇವನು. ಬಂದು ಎರಡು ತಿಂಗಳಾದರೂ ಎಲ್ಲರ ಬಾಯಲ್ಲಿ ಇವನಿನ್ನೂ 'ಹೊಸಬ'.

ಅವಳಿಗೆ ಮಾತ್ರ ಇವನು ಹೊಸಬ ಅನ್ನಿಸಲೇ ಇಲ್ಲ. ಕಲಿಯುವವರು ಭಯಕ್ಕೆ ಕ್ಲಚ್ ಅನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಇವನು ಮೈಮರೆತಾಗಲೆಲ್ಲ ಎರಡೇ ಬೆರಳು ಇಡುತ್ತಿದ್ದ. ಅವಳು ನೋಡಿದ್ದು ಗೊತ್ತಾದ ಕೂಡಲೇ ನಾಲ್ಕೂ ಬೆರಳು ಸುತ್ತಿ, ಕ್ಲಚ್ ಫಟ್ಟನೆ ಬಿಟ್ಟು ಗಾಡಿಯನ್ನು ಗಕ್ಕನೆ ನಿಲ್ಲಿಸುತ್ತಿದ್ದ.

'ಯಾಕೆ ನಾಟಕ ಆಡ್ತಿದ್ದಾನೆ? ಯಾರಿಗೋಸ್ಕರ?'

ಅನುಮಾನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಆದರೂ ಅವನು ಬರದ ದಿನ ಕಣ್ಣು ಗೇಟಿನ ಕಡೆಗೇ ಹೋಗುತ್ತಿತ್ತು. ಅದಕ್ಕೆ ತನ್ನ ಮೇಲೇ ಸಿಟ್ಟು ಬೇರೆ.

ಅಷ್ಟರಲ್ಲಿ ಕ್ಲಾಸು ಖಾಲಿಯಾಗತೊಡಗಿತು. ಕ್ಲಚ್ ಕಲ್ಲಿನಂತೆ ಗಟ್ಟಿಯಾಗಿತ್ತು, ಹಿಡಿದವರ ಮಣಿಕಟ್ಟು ಊದುತ್ತಿತ್ತು. "ಆ ಗಾಡೀಲಿ ಕಲಿತರೆ ಕೈ ಹೋಗುತ್ತೆ" ಎಂಬ ಮಾತು ಎಲ್ಲೆಡೆ ಹಬ್ಬಿತು. ಮೂವರು ಅವಳನ್ನು ಬಿಟ್ಟು ದೊಡ್ಡ ರಸ್ತೆಯ ಡ್ರೈವಿಂಗ್ ಸ್ಕೂಲಿಗೆ ಹೋದರು. ಉಳಿದವರಿಗೆ ಲೈಸೆನ್ಸ್ ಟೆಸ್ಟ್ ಇತ್ತು. ಅವರೂ ಫೇಲಾದರೆ ಅವಳು ಕ್ಲಾಸಿಗೆ ಬೀಗ ಹಾಕಬೇಕಿತ್ತು.

ಟೆಸ್ಟಿನ ಹಿಂದಿನ ಸಂಜೆ, ಕ್ಲಾಸಿಗೆ ಬರುತ್ತಿದ್ದ ಬೇಕರಿ ಅಕ್ಕ ಅವಳನ್ನು ದಾರಿಯಲ್ಲೇ ತಡೆದಳು.

"ಮೇಡಂ, ನಮ್ಮ ಹೊಸಬ ಇದ್ದಾರಲ್ಲ... ಅವರು ಆ ದೊಡ್ಡ ಸ್ಕೂಲ್ ಓನರ್ ತಮ್ಮ ಅಂತೆ. ಅಲ್ಲಿ ಬೈಕ್ ಕಲಿಸೋದೇ ಅವರಂತೆ!"

ಅವಳು ಅಲ್ಲೇ ನಿಂತುಬಿಟ್ಟಳು. ಹಾಗಾದರೆ ತನ್ನ ಅನುಮಾನ ಸರಿಯೇ... ಸರಿಯಾದದ್ದಕ್ಕೆ ಇಷ್ಟು ನೋವು ಯಾಕೆ?

ಮನೆಗೆ ಓಡಿದಳು. ಅಂಗಳದಲ್ಲಿ ಬೈಕ್ ಪಕ್ಕ ಅವನೇ ಕೂತಿದ್ದ. ಕ್ಲಚ್ ಕೇಬಲ್ ಹಿಡಿಕೆಯಿಂದ ಬಿಚ್ಚಿಕೊಂಡು ನೇತಾಡುತ್ತಿತ್ತು. ಎಂಜಿನ್ ಕೆಳಗೆ ನೆಲದ ತುಂಬ ಎಣ್ಣೆಯ ಹನಿಗಳು.

"ಏಳ್ರಿ ಮೇಲೆ."

ಅವನು ಬೆಚ್ಚಿ ಎದ್ದ. "ಮೇಡಂ, ಇನ್ನೊಂದು ಸ್ವಲ್ಪ..."

"ನಾಳೆ ಟೆಸ್ಟ್ ಇದೆ ಅಂತ ಗೊತ್ತಿದ್ದೇ ಕ್ಲಚ್ ಬಿಚ್ಚಿದ್ರಾ? ನಿಮ್ಮಣ್ಣ ಹೇಳಿ ಕಳಿಸಿದ್ರಾ?"

ಅವನ ಮುಖ ಬಿಳಿಚಿಕೊಂಡಿತು. ಕೈ ಒರೆಸಿಕೊಂಡು ಹೊರಟೇಹೋದ. ಇಲ್ಲ ಅನ್ನಲಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿತು.

ಬಾಗಿಲಲ್ಲಿ ನಿಂತಿದ್ದ ಅವಳ ಸೋದರತ್ತೆ ಸುಮ್ಮನಿರುವವರಲ್ಲ. "ಯಾಕೇ ಹಂಗೆ ಬೈದು ಕಳಿಸ್ದೆ? ಪಾಪ, ನನ್ನ ಕೇಳೇ ಕೆಲಸ ಶುರು ಮಾಡಿದ್ದು. ಕೇಬಲ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಅದರಲ್ಲಿ ಎಣ್ಣೆ ಸುರಿದು, ಕೆಳಗಿನ ತುದೀಲಿ ತೊಟ್ಟಿಕ್ಕೋವರೆಗೂ ಕಾಯ್ತಾ ಕೂತಿದ್ದ. ಒಳಗೆಲ್ಲ ಒಣಗಿ ತುಕ್ಕು ಹಿಡಿದಿದೆಯಂತೆ."

"ಅವನು ಹೇಳಿದ, ನೀವು ನಂಬಿದ್ರಿ."

"ನೀನು ಯಾರನ್ನ ನಂಬಿದ್ದೀಯಾ ಹೇಳು?"

ಅವಳು ಬೈಕ್ ಪಕ್ಕ ಬಗ್ಗಿ ಕೂತಳು. ನೆಲದ ಹನಿಗಳನ್ನು ಮುಟ್ಟಿ ನೋಡಿದಳು. ಎಂಜಿನ್ನಿನದಲ್ಲ, ಕೇಬಲ್ಲಿನ ತುದಿಯಿಂದಲೇ ಬಿದ್ದದ್ದು. ಕೇಬಲ್ ಸಿಕ್ಕಿಸಿ, ತುಸು ಸಡಿಲ ಬಿಟ್ಟು, ನಟ್ಟು ಬಿಗಿ ಮಾಡಿದಳು. ಹಿಡಿಕೆ ಒತ್ತಿದರೆ ಬೆಣ್ಣೆಯಷ್ಟು ಮೆತ್ತಗೆ!

ಅನುಮಾನ ಅಷ್ಟಕ್ಕೇ ಬಿಡುತ್ತದೆಯೇ? ಬ್ರೇಕು, ಚೈನು, ಒಂದೊಂದು ನಟ್ಟನ್ನೂ ತಿರುಗಿಸಿ ನೋಡಿದಳು. ಎಲ್ಲಾ ನೆಟ್ಟಗಿತ್ತು.

ಮರುದಿನ ಎಲ್ಲರೂ ಪಾಸಾದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ಬೇಕರಿ ಅಕ್ಕ ಕೂಡ ಗಾಡಿ ಒಮ್ಮೆಯೂ ನಿಲ್ಲದಂತೆ ಓಡಿಸಿದಳು. ಅಕ್ಕಂದಿರ ಗಲಾಟೆಯ ನಡುವೆ ಅವಳು ಗೇಟಿನಾಚೆ ನೋಡಿದಳು. ಮರದ ಕೆಳಗೆ ಅವನಿದ್ದ. ಒಳಗೆ ಬರುವ ಧೈರ್ಯವಿರಲಿಲ್ಲ ಪಾಪ.

ಅವಳೇ ನಡೆದು ಹೋದಳು.

"ನಿಮ್ಮನ್ನ ಕಳಿಸಿದ್ದು ನಿಮ್ಮಣ್ಣ ತಾನೇ?"

"ಹೌದು."

ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದಳು.

"ಏನೇನು ಹೇಳಿದ್ರಿ ಅವರಿಗೆ?"

"ಕ್ಲಚ್ ಗಟ್ಟಿ, ಎಲ್ಲರಿಗೂ ಕೈ ನೋವು ಅಂತ ಹೇಳಿದ್ದೆ, ಅಷ್ಟೇ. ಅಣ್ಣ ಅದನ್ನೇ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಆ ಮೂವರು ಹೋಗಿದ್ದು ನನ್ನ ಬಾಯಿಂದ ಮೇಡಂ." ಅವನ ದನಿ ಒಡೆಯಿತು. "ಅದಕ್ಕೇ ಆ ಕ್ಲಚ್ ನಾನೇ ಸರಿ ಮಾಡಬೇಕು ಅನ್ನಿಸ್ತು. ನಿನ್ನೆ ಬೆಳಿಗ್ಗೆ ಅಣ್ಣನ ಹತ್ರ ಕೆಲಸ ಬಿಟ್ಟೆ."

"ಮೊದಲೇ ಹೇಳಬಹುದಿತ್ತಲ್ಲ..."

"ಹೇಳಿದ್ರೆ ಓಡಿಸಿಬಿಡ್ತಿದ್ರಿ. ಕಲಿತುಬಿಟ್ಟರೆ ಕ್ಲಾಸು ಮುಗಿಯುತ್ತೆ. ದಿನಾ ಗಾಡಿ ಆಫ್ ಮಾಡೋಕೆ ನಾನೆಷ್ಟು ಕಷ್ಟಪಟ್ಟೆ ಗೊತ್ತಾ?"

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಇವನು ತನಗೆ ಮೋಸ ಮಾಡಿದ್ದು ನಿಜ. ಇವನಿಲ್ಲದ ಮೈದಾನ ಬೇಡವೆನಿಸುವುದೂ ಅಷ್ಟೇ ನಿಜ.

"ನಾಳೆಯಿಂದ ಕ್ಲಾಸಿಗೆ ಬರಬೇಡಿ."

ಅವನು ತಲೆಯಾಡಿಸಿದ. ಮುಖ ಬಾಡಿಹೋಯಿತು.

"ನಿಮಗೆ ಕಲಿಸೋಕೆ ನನ್ನ ಹತ್ರ ಏನೂ ಉಳಿದಿಲ್ಲ. ಮನೆಗೆ ಬನ್ನಿ, ಅತ್ತೆ ಹತ್ರ ಮಾತಾಡಬೇಕಲ್ಲ."

ಅವನು ತಟ್ಟನೆ ತಲೆಯೆತ್ತಿದ.

"ಏ... ಏನಂತ ಮಾತಾಡಲಿ?"

"ನನ್ನ ಬಗ್ಗೆ ಮಾತಾಡಿ," ಎಂದಳು ಅವಳು ಮೆಲ್ಲಗೆ. "ಆದರೆ ಒಂದೂ ಸುಳ್ಳು ಬೇಡ."