ಕಡೆಯ ಸಾಲಿನ ಉಸಿರು

೧೯೫೪ರ ಬೇಸಿಗೆಯಲ್ಲಿ ನಾನು ಮುದಗಲ್ಲಿನ ಪಾದ್ರಿಗಳ ಮನೆಯಲ್ಲಿ ಕಸಗುಡಿಸುತ್ತಿದ್ದೆ. ಇಟಲಿಯ ಹಳೆಯ ನಾಟಕದ ಒಂದೇ ಹಾಡನ್ನು ಇಬ್ಬರು ಹೆಂಗಸರು ಹಾಡಿದ ಎರಡು ಪ್ಲೇಟು ಅವರಲ್ಲಿದ್ದವು. ಮಧ್ಯಾಹ್ನ ಎರಡನ್ನೂ ಗ್ರಾಮೊಫೋನಿಗೆ ಹಾಕಿ ಕೇಳುತ್ತಿದ್ದರು.

"ಯಾವಾಕಿ ಛಲೋ ಹಾಡ್ಯಾಳ, ಜಂಬಮ್ಮ?"

"ದಪ್ಪ ದನಿಯಾಕಿ ರೀ. ಸಣ್ಣ ದನಿಯಾಕಿ ಕಡೀ ಸಾಲಿನಾಗ ಉಸುರೇ ತಗೊಳ್ಳೂದಿಲ್ಲ. ಆಕಿಗೆ ಎದೀನ ಇಲ್ಲೇನ್ರೀ?"

ಪಾದ್ರಿಗಳು ನಕ್ಕುಬಿಟ್ಟರು.

ನನ್ನಕ್ಕ ಬಸವಣ್ಣೆಮ್ಮ ಜೋಳ ಬೀಸುವಾಗ ಹಾಡುತ್ತಿದ್ದಳು. ಅವಳಿಗೆ ದಮ್ಮಿನ ರೋಗ. ಕಡೆಯ ಸಾಲಿಗೆ ಮೊದಲು ನಿಂತು, ಎರಡು ಸಲ ಸಣ್ಣಗೆ ಉಸಿರೆಳೆದು, ಆಮೇಲೆ ಮುಗಿಸುತ್ತಿದ್ದಳು. ಅವಳು ತೀರಿಕೊಂಡು ವರ್ಷವಾಗಿತ್ತು. ಅವಳ ದನಿ ಮರೆತೇಹೋಗುತ್ತದೆಂದು ನನಗೆ ಹೆದರಿಕೆಯಾಗುತ್ತಿತ್ತು.

ಒಂದು ದಿನ ಗ್ರಾಮೊಫೋನಿನ ಸೂಜಿಗಳು ತೀರಿದವು. ಜಾಲಿಮುಳ್ಳಾದರೂ ನಡೆಯುತ್ತದೆ ಎಂದರು ಪಾದ್ರಿಗಳು. ಅಕ್ಕನ ಸಮಾಧಿಯ ಪಕ್ಕದ ಜಾಲಿಯೇ ಹತ್ತಿರವಿತ್ತು. ಅಲ್ಲಿಂದ ಒಂದು ಮುಳ್ಳು ಮುರಿದು ತಂದೆ.

ಸಣ್ಣ ದನಿಯವಳ ಪ್ಲೇಟು ತಿರುಗತೊಡಗಿತು. ಆ ಉರಿಬಿಸಿಲಿನಲ್ಲೂ ಕಾಲಡಿಯ ನೆಲದ ಬಂಡೆ ತಣ್ಣಗಾಯಿತು. ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ವಾಸನೆ ಬಂತು. ಆ ಮನೆಯಲ್ಲಿ ಬೀಸುಕಲ್ಲೇ ಇರಲಿಲ್ಲ. ಕಡೆಯ ಸಾಲಿಗೆ ಮೊದಲು ಹಾಡುವವಳು ನಿಂತಳು. ಎರಡು ಸಲ ಸಣ್ಣಗೆ ಉಸಿರೆಳೆದಳು. ಆಮೇಲೆ ಮುಗಿಸಿದಳು.

"ಈಕಿ ಇಲ್ಲಿ ನಿಂದರತಿದ್ದಿಲ್ಲಲ್ಲ?" ಪಾದ್ರಿಗಳು ನನ್ನ ಮುಖ ನೋಡಿದರು.

"ಇನ್ನೊಂದು ಸಲ ಹಾಕ್ರೀ," ಎಂದೆ.

ಮುಂದಿನ ವಾರ ಹೈದರಾಬಾದಿನಿಂದ ಉಕ್ಕಿನ ಸೂಜಿಗಳು ಬಂದವು. ಸವೆದ ಮುಳ್ಳನ್ನು ನಾನೇ ಆ ಜಾಲಿಗಿಡದ ಬುಡಕ್ಕೆ ಹಾಕಿ ಬಂದೆ. ಈಗ ಎರಡು ವರ್ಷವಾಯಿತು. ಯಾವ ಸೂಜಿ ಹಾಕಿದರೂ ಆ ಸಣ್ಣ ದನಿಯವಳು ಕಡೆಯ ಸಾಲಿಗೆ ಮೊದಲು ನಿಂತು, ಎರಡು ಸಲ ಉಸಿರೆಳೆದೇ ಹಾಡುತ್ತಾಳೆ.